ಒರೆಸಿದ ಕೈ ಯಾರದು?

ಕಸ ಗುಡಿಸುವುದೂ ಒಂದು ಕಲೆ ಅಂತ ನಮ್ಮ ಕಡೆ ಯಾರಾದರೂ ಹೇಳಿದರೆ ಗುಡಿಸುವ ಹೆಂಗಸು ಮೊದಲು ನಗುತ್ತಾಳೆ. ಇನ್ನೊಂದು ಸಲ ಹೇಳಿದರೆ ಪೊರಕೆ ಮುಂದೆ ಚಾಚಿ, ‘ಹಂಗಾರೆ ತಗಳಪ್ಪ, ಇವತ್ತು ನೀನೇ ಗುಡ್ಸು’ ಅನ್ನುತ್ತಾಳೆ. ಅಲ್ಲಿಗೆ ಸೌಂದರ್ಯಶಾಸ್ತ್ರದ ಪಾಠ ಮುಗಿಯಿತು. ಹಾಗೆ ಚಾಚಿದ ಪೊರಕೆಯನ್ನು ನಿಜವಾಗಿಯೂ ಈಸಿಕೊಂಡು, ಗುಡಿಸಿ, ತೊಳೆದು, ಒರೆಸಿ, ಇದೇ ನನ್ನ ಕಲೆ ಅಂತ ಅರ್ಧ ಶತಮಾನ ಹಟ ಹಿಡಿದ ಅಮೆರಿಕದ ಒಬ್ಬ ಹೆಣ್ಣುಮಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಮಿಯರ್ಲ್ ಲೇಡರ್‌ಮನ್ ಯುಕೆಲಿಸ್. ಆಕೆ ಮಾಡಿದ ಬಹುಪಾಲು ಕೃತಿಗಳು ಈಗ ಇಲ್ಲ. ಮೆಟ್ಟಿಲ ಮೇಲಿನ ನೀರು ಅವತ್ತೇ ಆರಿತು. ಕುಲುಕಿದ ಕೈಗಳು ಅವತ್ತೇ ಬಿಡಿಸಿಕೊಂಡವು. ಉಳಿದಿರುವುದು ಫೋಟೋ, ನಕ್ಷೆ, ಕಾಗದ.

ನಮ್ಮ ಗೆಳೆಯರ ಬಳಗದಲ್ಲಿ ಈಕೆಯ ಬಗ್ಗೆ ಎರಡು ಮಾತು ನಡೆಯುತ್ತಿದೆ. ಒಂದು ಗುಂಪು, ‘ಹೊಟ್ಟೆ ತುಂಬಿದವರ ಆಟ ಕಣಯ್ಯ ಇದು, ನಮ್ಮವರು ಮೋರಿಯೊಳಗೆ ಸಾಯ್ತಾ ಇದಾರೆ, ಇವರಿಗೆ ತೊಳೆಯೋದು ನಾಟಕ’ ಅನ್ನುತ್ತದೆ. ಇನ್ನೊಂದು ಗುಂಪು ಪುಳಕಗೊಂಡು, ನಮ್ಮ ಅವ್ವಂದಿರ ಪೊರಕೆಯನ್ನೂ ಹೀಗೇ ಗ್ಯಾಲರಿಗೆ ತಗೊಂಡು ಹೋಗೋಣ ಅನ್ನುತ್ತದೆ. ಎರಡೂ ಅವಸರದ ಮಾತು ಅಂತ ನಮ್ಮ ಅಭಿಪ್ರಾಯ. ಈಕೆಯ ಒಂದು ಕೃತಿಯಲ್ಲಿ ನಾವು ಕಲಿಯಬೇಕಾದ್ದು ತುಂಬ ಇದೆ. ಇನ್ನೊಂದು ಕೃತಿಯಲ್ಲಿ ನಾವು ಎಚ್ಚರದಿಂದಿರಬೇಕಾದ್ದೂ ಇದೆ. ಹೆಚ್ಚು ಹೆಸರು ಮಾಡಿರುವುದು ಈ ಎರಡನೆಯದು ಎಂಬುದೇ ನಮ್ಮ ತಕರಾರು.

ಯುಕೆಲಿಸ್ ಹುಟ್ಟಿದ್ದು 1939ರಲ್ಲಿ, ಡೆನ್ವರ್ ಪಟ್ಟಣದಲ್ಲಿ, ಒಬ್ಬ ಯಹೂದಿ ಧರ್ಮಗುರುವಿನ ಮಗಳಾಗಿ. 1968ರಲ್ಲಿ ಮೊದಲ ಮಗುವಾಯಿತು. ಅಲ್ಲಿಯವರೆಗೆ ಕಲಾವಿದೆಯಾಗಿದ್ದವಳ ದಿನವೆಲ್ಲ ಈಗ ಮಗುವಿನ ಬಟ್ಟೆ ಬದಲಿಸುವುದರಲ್ಲಿ, ಪಾತ್ರೆ ತೊಳೆಯುವುದರಲ್ಲಿ ಹೋಗತೊಡಗಿತು. ಮಾಡಿದ್ದನ್ನೇ ಮಾಡು, ನಾಳೆ ಮತ್ತೆ ಮಾಡು. 1969ರಲ್ಲಿ ಸಿಟ್ಟು ನೆತ್ತಿಗೇರಿ, ಒಂದೇ ಪಟ್ಟಿಗೆ ಕೂತು ‘ಮೇಂಟೆನೆನ್ಸ್ ಆರ್ಟ್’ ಎಂಬ ಪ್ರಣಾಳಿಕೆ ಬರೆದಳು. ಈ ಮೇಂಟೆನೆನ್ಸ್‌ಗೆ ನಮ್ಮ ಸರ್ಕಾರಿ ಕಾಗದಗಳಲ್ಲಿ ‘ನಿರ್ವಹಣೆ’ ಅಂತ ಬರೆಯುತ್ತಾರೆ. ಆ ಮಾತಿನಲ್ಲಿ ಬೆವರಿನ ವಾಸನೆ ಇಲ್ಲ. ನಾವು ದಿನಗೆಲಸ ಅನ್ನೋಣ.

ಪ್ರಣಾಳಿಕೆಯ ತಿರುಳು ಇಷ್ಟು. ಲೋಕದಲ್ಲಿ ಎರಡು ಬಗೆಯ ಕೆಲಸ. ಹೊಸದನ್ನು ಹುಟ್ಟಿಸುವುದು ಒಂದು, ಹುಟ್ಟಿದ್ದನ್ನು ಕೆಡದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಹೆಸರು, ಬಿರುದು, ಸನ್ಮಾನ. ಎರಡನೆಯದಕ್ಕೆ ಕಡಿಮೆ ಕೂಲಿ, ಮನೆಯೊಳಗಾದರೆ ಅದೂ ಇಲ್ಲ. ಅಲ್ಲೇ ಒಂದು ಪ್ರಶ್ನೆ ಎಸೆಯುತ್ತಾಳೆ: ಕ್ರಾಂತಿಯೇನೋ ಆಯಿತು, ಸೋಮವಾರ ಬೆಳಿಗ್ಗೆ ಕಸ ಎತ್ತುವವರು ಯಾರು? ಕ್ರಾಂತಿಯ ಮಾತಾಡುವ ನಾವು ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಸಮಾವೇಶ ಮುಗಿದು, ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ನಾವು ಬಸ್ ಹತ್ತಿದ ಮೇಲೆ ಜಮಖಾನ ಮಡಿಸುವವರು ಯಾರು, ಟೀ ಲೋಟ ತೊಳೆಯುವವರು ಯಾರು? ಸಂಗಾತಿಗಳೆಲ್ಲ ಸ್ವಲ್ಪ ನೆನಪು ಮಾಡಿಕೊಳ್ಳಲಿ.

ಆಕೆ ಆಗ ಕೇಳಿದ್ದು ಒಂದು ಪ್ರದರ್ಶನ. ಮ್ಯೂಸಿಯಮ್ಮಿನೊಳಗೇ ವಾಸ ಮಾಡುತ್ತೇನೆ, ಮನೆಯಲ್ಲಿ ಮಾಡುವುದನ್ನೇ ಅಲ್ಲಿ ಮಾಡುತ್ತೇನೆ, ಗುಡಿಸುತ್ತೇನೆ, ಒರೆಸುತ್ತೇನೆ, ಅಡಿಗೆ ಮಾಡುತ್ತೇನೆ, ಊರಿನ ಕಸವನ್ನೂ ದಿನಾ ಅಲ್ಲಿಗೇ ತರಿಸಿ ಶುದ್ಧ ಮಾಡಿಸುತ್ತೇನೆ, ಅದೇ ಪ್ರದರ್ಶನ ಎಂದಳು. ಆ ಯೋಜನೆ ಹಾಗೇ ಇಡಿಯಾಗಿ ನಡೆಯಲೇ ಇಲ್ಲ. ಪಶ್ಚಿಮದ ಆಧುನಿಕರಿಗೆ ಡ್ಯೂಶಾಂಪ್ ದೊಡ್ಡ ದೇವರು. 1917ರಲ್ಲಿ ಉಚ್ಚೆ ಹೊಯ್ಯುವ ಪಿಂಗಾಣಿ ಕುಂಡವನ್ನು ಪ್ರದರ್ಶನಕ್ಕೆ ಕಳಿಸಿ ಇದು ಕಲೆ ಎಂದವನು. ಆ ಕುಂಡವನ್ನು ದಿನಾ ತೊಳೆಯುವವನ ಸುದ್ದಿ ಅವನಿಗೆ ಬೇಕಿರಲಿಲ್ಲ. ಯುಕೆಲಿಸ್ ಆ ತೊಳೆಯುವ ಕೈಯ ಕಡೆಯಿಂದ ಮಾತು ಶುರು ಮಾಡಿದಳು. ಇದೇ ಆಕೆಯ ದೊಡ್ಡತನ.

1973ರ ಜುಲೈ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಾಡ್ಸ್‌ವರ್ತ್ ಅಥೀನಿಯಂ ಎಂಬ ಹಳೆಯ ಮ್ಯೂಸಿಯಂ. ಲೂಸಿ ಲಿಪ್ಪಾರ್ಡ್ ಎಂಬ ವಿಮರ್ಶಕಿ ಹೆಂಗಸರ ಕೃತಿಗಳನ್ನೇ ಸೇರಿಸಿ ಊರೂರಿಗೆ ಕಳಿಸಿದ್ದ ಪ್ರದರ್ಶನ ಅಲ್ಲಿಗೆ ಬಂದಿತ್ತು. ಯುಕೆಲಿಸ್ ಬಕೆಟ್ಟು ಹಿಡಿದು ಮ್ಯೂಸಿಯಮ್ಮಿನ ಮುಂದಿನ ಮೆಟ್ಟಿಲುಗಳನ್ನು ತೊಳೆದಳು. ಮಂಡಿಯೂರಿ, ನೀರು ಹೊಯ್ದು, ಮಗುವಿಗೆ ಸುತ್ತುವ ಬಟ್ಟೆಯಿಂದ ಉಜ್ಜಿ. ಜನ ಹತ್ತುತ್ತಾರೆ, ಹೆಜ್ಜೆ ಗುರುತು ಬೀಳುತ್ತದೆ, ಮತ್ತೆ ಒರೆಸುತ್ತಾಳೆ. ಹೊರಗೆ ನಾಲ್ಕು ಗಂಟೆ, ಒಳಗೆ ನಾಲ್ಕು ಗಂಟೆ. ಒಂದು ಪಾಳಿಯ ಕೂಲಿ ಕೆಲಸ ಅನ್ನಿ.

ಹೆಜ್ಜೆ ಗುರುತು ಒರೆಸುವುದು ಅಂದ ಕೂಡಲೇ ನಮಗೆ ಪೇಶ್ವೆಗಳ ಪುಣೆ ನೆನಪಾಗದೆ ಇರುವುದಿಲ್ಲ. ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು, ತಾವು ನಡೆದ ಹೆಜ್ಜೆಯನ್ನು ತಾವೇ ಅಳಿಸುತ್ತ ಹೋಗಬೇಕಿತ್ತು ಎಂದು ಅಂಬೇಡ್ಕರ್ 1936ರ ತಮ್ಮ ಭಾಷಣದಲ್ಲಿ ದಾಖಲಿಸಿದ್ದಾರೆ. ಹಾರ್ಟ್‌ಫರ್ಡ್‌ನಲ್ಲಿ ಅಳಿಸಿದ್ದು ಕಲೆ ನೋಡಲು ಬಂದವರ ಹೆಜ್ಜೆ. ಪುಣೆಯಲ್ಲಿ ಅಳಿಸಿಸಿದ್ದು ಅಳಿಸುವವನದೇ ಹೆಜ್ಜೆ. ಆಕೆ ಎದ್ದು ಹೋಗಬಹುದಿತ್ತು. ಇವರು ಎದ್ದು ಹೋಗುವ ಹಾಗಿರಲಿಲ್ಲ. ಈ ವ್ಯತ್ಯಾಸವನ್ನು ಓದುಗರು ಕೊನೆಯವರೆಗೂ ಕೈಯಲ್ಲಿ ಹಿಡಿದಿಟ್ಟುಕೊಳ್ಳಬೇಕು.

ಅದೇ ಜುಲೈಯಲ್ಲಿ, ಅದೇ ಮ್ಯೂಸಿಯಮ್ಮಿನಲ್ಲಿ ಆಕೆ ಮಾಡಿದ ಇನ್ನೊಂದು ಕೃತಿ ಇದೆ. ಮೆಟ್ಟಿಲು ತೊಳೆದ ಫೋಟೋದಷ್ಟು ಅದನ್ನು ಯಾರೂ ಅಚ್ಚು ಹಾಕುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದೇ ಆಕೆಯ ಅತ್ಯುತ್ತಮ ಕೃತಿ. ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಒಂದು ಮಮ್ಮಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಗಾಜಿನ ಮೇಲಿನ ಧೂಳು ಒರೆಸುವುದು ಅಲ್ಲಿನ ಜಾಡಮಾಲಿಯ ದಿನದ ಕೆಲಸ. ಅವನು ಎಂದಿನಂತೆ ಒರೆಸಿದ. ಆಮೇಲೆ ಯುಕೆಲಿಸ್ ಅದೇ ಗಾಜನ್ನು, ಅದೇ ರೀತಿ, ತಾನು ಒರೆಸಿದಳು. ಒರೆಸಿ, ಇದು ಧೂಳಿನಿಂದ ಮಾಡಿದ ಚಿತ್ರ, ನನ್ನ ಕಲಾಕೃತಿ ಎಂದು ಗಾಜಿಗೂ ಬಟ್ಟೆಗೂ ಮೊಹರು ಒತ್ತಿದಳು. ಮೊಹರು ಬಿದ್ದ ಗಳಿಗೆಯಿಂದ ಫಜೀತಿ ಶುರುವಾಯಿತು. ಕಲಾಕೃತಿಯನ್ನು ಮುಟ್ಟುವ ಅಧಿಕಾರ ಮ್ಯೂಸಿಯಮ್ಮಿನ ನಿಯಮದಂತೆ ಜಾಡಮಾಲಿಗೆ ಇಲ್ಲ. ಕಲಾಕೃತಿಗಳ ರಕ್ಷಣೆಗೆಂದು ತರಬೇತಿ ಪಡೆದ ತಜ್ಞನಿಗೆ ಮಾತ್ರ ಇದೆ. ಹಾಗಾಗಿ ಮೂರನೆಯ ಸಲ ಆ ತಜ್ಞ ಬಂದು, ಗಾಜಿನ ಸ್ಥಿತಿಗತಿ ಪರೀಕ್ಷಿಸಿ, ವರದಿ ಬರೆದು, ಅದನ್ನೇ ಒರೆಸಿದ.

ಒಂದೇ ಗಾಜು. ಒಂದೇ ಧೂಳು. ಒರೆಸುವುದೂ ಒಂದೇ. ಮೊದಲನೆಯವನು ಒರೆಸಿದ್ದು ಕೂಲಿ, ಎರಡನೆಯವಳು ಒರೆಸಿದ್ದು ಕಲೆ, ಮೂರನೆಯವನು ಒರೆಸಿದ್ದು ವಿಜ್ಞಾನ. ಬೆಲೆ ಕೆಲಸದಲ್ಲಿಲ್ಲ, ಕೈಯಲ್ಲಿದೆ ಎಂಬುದು ಇಷ್ಟು ಸರಳವಾಗಿ, ಒಂದು ಭಾಷಣವೂ ಇಲ್ಲದೆ ಕಣ್ಣಿಗೆ ಬಿತ್ತು. ಇದಕ್ಕಿಂತಲೂ ಮೊನಚಾದದ್ದು ಮೊಹರಿನ ಮಾತು. ಈ ಗಾಜು ಈಗ ಪವಿತ್ರ ಎಂದು ಘೋಷಿಸಿದ್ದೇ ತಡ, ನಿನ್ನೆಯವರೆಗೂ ಅದನ್ನು ಒರೆಸಿ ಬೆಳಗಿದವನ ಕೈ ಮೈಲಿಗೆಯಾಯಿತು.

ಇದನ್ನು ಓದಿದಾಗ ನಮಗೆ ಬೇರೆ ದೇಶದ ಸುದ್ದಿ ಅನ್ನಿಸಲಿಲ್ಲ. ಶಿಲ್ಪಿ ಕಲ್ಲಿನ ಮೇಲೆ ಕೂತು, ಬೇಕಾದರೆ ಕಾಲಲ್ಲಿ ಒತ್ತಿ ಹಿಡಿದು ಮೂರ್ತಿ ಕೆತ್ತುತ್ತಾನೆ. ಪ್ರಾಣಪ್ರತಿಷ್ಠೆ ಆಯಿತೋ, ಮುಟ್ಟುವ ಹಕ್ಕು ಪೂಜಾರಿಯದು, ಕೆತ್ತಿದವನು ಗರ್ಭಗುಡಿಯ ಹೊರಗೆ. ಸತ್ತ ದನದ ತೊಗಲು ಸುಲಿದು, ಹದ ಮಾಡಿ, ತಮಟೆಗೆ ಬಿಗಿದು ಕೊಟ್ಟವನು ನಮ್ಮವನೇ. ಜಾತ್ರೆಯ ದಿನ ಆ ಸದ್ದಿಲ್ಲದೆ ದೇವರು ಹೊರಡುವುದಿಲ್ಲ. ಬಡಿಯುವವನು ಮಾತ್ರ ಎಷ್ಟು ಮಾರು ದೂರ ನಿಲ್ಲಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಮ್ಯೂಸಿಯಂ ಅನ್ನುವುದು ಪಶ್ಚಿಮದ ಗರ್ಭಗುಡಿ, ಕ್ಯುರೇಟರು ಅದರ ಪೂಜಾರಿ ಎಂದರೆ ಅತಿಶಯವಾಗಲಾರದು. ಅಲ್ಲೇ ಇನ್ನೊಂದು ದಿನ ಆಕೆ ಕಾವಲುಗಾರರ ಬೀಗದ ಕೈ ಗೊಂಚಲು ಈಸಿಕೊಂಡು ಕೋಣೆಗಳಿಗೆ ತಾನೇ ಬೀಗ ಹಾಕುತ್ತಾ, ತೆಗೆಯುತ್ತಾ ಹೋದಳು. ಆಫೀಸಿನವರೆಲ್ಲ ಗಾಬರಿಬಿದ್ದರು. ಬಾಗಿಲು ಕಾಯುವವನ ಕೈಯಲ್ಲಿ ಎಷ್ಟು ಬಲ ಇದೆ ಎಂಬುದು ಬಾಗಿಲು ಕಾಯುವವನಿಗೇ ಗೊತ್ತಿರುವುದಿಲ್ಲ.

ಅದೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಿದ್ದು, ಅದಕ್ಕೆ ಎದ್ದ ಗಲಾಟೆ, ಅವರು ಮಂತ್ರಿ ಪದವಿ ಬಿಟ್ಟಿದ್ದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿಯೂ ಅವರೇ. ಹೊಲಸು ಹೊರಬೇಡಿ ಎಂದವನೇ ಸಾಹಿತ್ಯದ ಗಾಜಿನ ಪೆಟ್ಟಿಗೆಗೂ ಕೈ ಹಾಕಿದ. ಮೊದಲನೆಯದನ್ನು ಸಹಿಸಿಕೊಂಡವರು ಎರಡನೆಯದಕ್ಕೆ ಬೀದಿಗೆ ಬಂದರು. ಹಾರ್ಟ್‌ಫರ್ಡ್‌ನ ಗಾಜಿನ ಕಥೆ ನಮಗೆ ಬೇಗ ಅರ್ಥವಾಗುವುದು ಇದಕ್ಕೇ.

1976ರಲ್ಲಿ ನ್ಯೂಯಾರ್ಕಿನ ವಾಟರ್ ಸ್ಟ್ರೀಟ್‌ನ ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಆಕೆ ಮುನ್ನೂರು ಮಂದಿ ಕೆಲಸಗಾರರನ್ನು, ಗುಡಿಸುವವರು, ಕಾವಲಿನವರು, ಲಿಫ್ಟಿನವರು, ದಿನಕ್ಕೆ ಒಂದು ಗಂಟೆ ನಿಮ್ಮ ಕೆಲಸವನ್ನು ಕಲೆ ಎಂದು ಭಾವಿಸಿಕೊಳ್ಳಿ ಎಂದು ಕೇಳಿಕೊಂಡಳು. ಅವರ ಫೋಟೋ ತೆಗೆದು, ಇದು ಕೆಲಸವೋ ಕಲೆಯೋ ನೀವೇ ಹೇಳಿ ಎಂದು ಅವರ ಕೈಯಲ್ಲೇ ತೀರ್ಮಾನ ಮಾಡಿಸಿದಳು. ಹೆಸರಿಡುವ ಹಕ್ಕನ್ನು ಕೆಲಸಗಾರನಿಗೆ ಬಿಟ್ಟುಕೊಟ್ಟದ್ದು ಸರಿ. ಆದರೆ ಆ ಒಂದು ಗಂಟೆಯಲ್ಲಿ ಭಾವನೆ ಬದಲಾಯಿತೇ ಹೊರತು ಕೂಲಿ ಬದಲಾಗಲಿಲ್ಲ. ಒಬ್ಬ ಪತ್ರಿಕಾ ವಿಮರ್ಶಕ ತಮಾಷೆಗೆ, ಕಸದ ಇಲಾಖೆಯೂ ತನ್ನ ಕೆಲಸವನ್ನು ಕಲೆ ಅಂತ ಕರೆದುಕೊಂಡು ಸರ್ಕಾರದ ಕಲಾ ಅನುದಾನ ಕೇಳಬಹುದಲ್ಲ ಎಂದು ಬರೆದ. ನಗರ ಆಗ ದಿವಾಳಿಯ ಅಂಚಿನಲ್ಲಿತ್ತು. ಯುಕೆಲಿಸ್ ಆ ತಮಾಷೆಯನ್ನು ತಮಾಷೆ ಎಂದುಕೊಳ್ಳಲಿಲ್ಲ. ನೇರ ಇಲಾಖೆಗೇ ಕಾಗದ ಬರೆದಳು. 1977ರಿಂದ ನ್ಯೂಯಾರ್ಕ್ ನೈರ್ಮಲ್ಯ ಇಲಾಖೆಯಲ್ಲಿ ಸಂಬಳವಿಲ್ಲದ ಕಲಾವಿದೆಯಾಗಿ ಕೂತಳು. ಸಂಬಳವಿಲ್ಲದ ದುಡಿಮೆ ಆಕೆ ಆರಿಸಿಕೊಂಡದ್ದು. ನಮ್ಮ ಕಡೆ ಅದಕ್ಕೆ ಬಿಟ್ಟಿ ಚಾಕರಿ ಅಂತ ಹೆಸರು, ಅದನ್ನು ಯಾರೂ ಆರಿಸಿಕೊಂಡದ್ದಲ್ಲ.

ಈಗ ಆಕೆಯ ಅತಿ ಪ್ರಸಿದ್ಧ ಕೃತಿಗೆ ಬರೋಣ. 1979ರ ಜುಲೈ 24ರಿಂದ 1980ರ ಜೂನ್ 26ರವರೆಗೆ, ಹನ್ನೊಂದು ತಿಂಗಳು, ನ್ಯೂಯಾರ್ಕಿನ 59 ನೈರ್ಮಲ್ಯ ಜಿಲ್ಲೆಗಳನ್ನೂ ಸುತ್ತಿ ಆಕೆ 8,500 ಮಂದಿ ಕಸದ ಕೆಲಸಗಾರರ ಕೈ ಕುಲುಕಿದಳು. ಒಬ್ಬೊಬ್ಬರ ಮುಂದೆಯೂ ನಿಂತು, ಮುಖ ನೋಡಿ, ಈ ನಗರವನ್ನು ಬದುಕಿಸಿಟ್ಟಿದ್ದಕ್ಕೆ ಕೃತಜ್ಞಳು ಎಂದು ಹೇಳಿದಳು. ಬೆಳಗಿನ ಹಾಜರಿ ಕರೆಯುವ ಹೊತ್ತಿನಿಂದ ಪಾಳಿಯುದ್ದಕ್ಕೂ ಅವರ ಜೊತೆ ನಡೆದಳು. ಡಬ್ಬ ಎತ್ತುವುದು, ತಿರುವುವುದು, ಲಾರಿಗೆ ಸುರಿಯುವುದು, ಇವನ್ನು ಅವರ ಹಿಂದೆ ಹಿಂದೆ ತಾನೂ ಅನುಕರಿಸಿದಳು. ನಗರದ ನಕ್ಷೆಯ ಮೇಲೆ ಕೈ ಕುಲುಕಿದ್ದನ್ನೆಲ್ಲ ಗುರುತು ಮಾಡಿದಳು. ಈ ಕೃತಿಗೆ ಆಕೆ ಇಟ್ಟ ಹೆಸರಿನಲ್ಲೇ ‘ಟಚ್’ ಇದೆ. ಮುಟ್ಟುವಿಕೆ.

ಈ ಮಾತು ನಮ್ಮ ಕಿವಿಗೆ ಬೀಳುವ ಹಾಗೆ ಅಮೆರಿಕದ ವಿಮರ್ಶಕರ ಕಿವಿಗೆ ಬೀಳಲಾರದು. ಅವರು ಇದನ್ನು ಸ್ನೇಹ, ಸೌಜನ್ಯ, ಸಂವಾದ ಎಂದೆಲ್ಲ ಬರೆಯುತ್ತಾರೆ. ಎಂಟೂವರೆ ಸಾವಿರ ಮುಟ್ಟುವಿಕೆ ಅಂದರೆ ಏನು ಎಂಬುದನ್ನು, ಚಿಲ್ಲರೆ ಕಾಸನ್ನು ಅಂಗೈ ಮೇಲಿಂದ ಉದುರಿಸಿಕೊಂಡವರು, ಟೀ ಅಂಗಡಿಯಲ್ಲಿ ಬೇರೆ ಲೋಟದಲ್ಲಿ ಕುಡಿದವರು ಮಾತ್ರ ಲೆಕ್ಕ ಹಾಕಬಲ್ಲರು. ನಾವು ಓದಿದ ಒಂದು ಶಾಲೆಯಲ್ಲಿ ಕಕ್ಕಸು ತೊಳೆಯಲು ಕರೆಯುವಾಗ ಮೇಷ್ಟರು ಹಾಜರಿ ಪುಸ್ತಕ ತೆಗೆಯುತ್ತಲೇ ಇರಲಿಲ್ಲ. ಯಾರ ಮಕ್ಕಳನ್ನು ಕರೆಯಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಇದನ್ನು ಓದುವ ಹಳ್ಳಿ ಮೇಷ್ಟರುಗಳು ಬೇಜಾರು ಮಾಡಿಕೊಳ್ಳಬಾರದು. ತಮ್ಮ ಶಾಲೆಯ ಕಕ್ಕಸಿನ ಬೀಗದ ಕೈ ಯಾವ ಹುಡುಗನ ಕೈಯಲ್ಲಿದೆ ಎಂದು ಒಮ್ಮೆ ನೋಡಲಿ. ಆದ್ದರಿಂದ ‘ಕೈ ಕುಲುಕಿದರೆ ಏನಾಯಿತು’ ಎಂದು ಅಸಡ್ಡೆ ಮಾಡುವ ಗೆಳೆಯರ ಜೊತೆ ನಾವಿಲ್ಲ.

ಇನ್ನೂ ಒಂದು ಕಾರಣಕ್ಕೆ ಈ ಕೃತಿ ನಮಗೆ ಹತ್ತಿರ. ಆಕೆ ಬರೀ ಕೈ ಕೊಟ್ಟು ಬರಲಿಲ್ಲ, ಕಿವಿಯನ್ನೂ ಕೊಟ್ಟಳು. ಜನ ನಮ್ಮನ್ನೇ ಕಸ ಅಂತ ನೋಡುತ್ತಾರೆ ಎಂದು ಆ ಕೆಲಸಗಾರರು ಹೇಳಿಕೊಂಡರು. ಒಬ್ಬ ಹೇಳಿದ್ದು ಹೀಗೆ: ಒಂದು ಬಿರುಬಿಸಿಲ ದಿನ ಕೆಲಸ ಮಾಡಿ ಸುಸ್ತಾಗಿ ಅವನೂ ಜೊತೆಯವನೂ ಒಂದು ಮನೆಯ ಜಗಲಿಯ ಮೇಲೆ ಕೂತರು. ಮನೆಯಾಕೆ ಹೊರಗೆ ಬಂದು, ನಾರುವ ಜನ, ನನ್ನ ಜಗಲಿ ಕೆಡಿಸಬೇಡಿ, ಏಳಿ ಎಂದು ಗದರಿಸಿದಳು. ಅದಾಗಿ ಹದಿನೇಳು ವರ್ಷವಾಗಿತ್ತು. ಆ ಮಾತು ಅವನ ಗಂಟಲಲ್ಲಿ ಹಾಗೇ ಕೂತಿತ್ತು. 1984ರಲ್ಲಿ ಯುಕೆಲಿಸ್ ರೊನಾಲ್ಡ್ ಫೆಲ್ಡ್‌ಮನ್ ಗ್ಯಾಲರಿಯ ಬೀದಿಗೆ ಕಾಣುವ ಕಿಟಕಿ ಗಾಜಿನ ಮೇಲೆ, ಈ ಕೆಲಸಗಾರರನ್ನು ಜನ ಕರೆದ ಬೈಗುಳಗಳನ್ನೆಲ್ಲ ಬರೆಸಿದಳು. ಆಮೇಲೆ ನಗರದ ಬೇರೆ ಬೇರೆ ವರ್ಗದ ಜನರನ್ನು ಕರೆಸಿ ಅವನ್ನು ತೊಳೆಸಿದಳು. ಬೈದವರ ಕಡೆಯವರು ಬೈಗುಳವನ್ನು ತೊಳೆಯಬೇಕು, ಬೈಸಿಕೊಂಡವನಲ್ಲ. ಈ ಲೆಕ್ಕ ನಮಗೆ ಒಪ್ಪಿಗೆ.

ಜಗಲಿಯ ಕಥೆ ಅಚ್ಚು ನಮ್ಮೂರಿನದೇ ಅನ್ನಿಸುತ್ತದೆ. ಆದರೆ ಅಲ್ಲೇ ಜಾರಿಬಿಡುವ ಅಪಾಯವೂ ಇದೆ. ಆ ಮನುಷ್ಯನಿಗೆ ಬೈಗುಳ ಕೆಲಸದಿಂದ ಬಂತು. ಸಮವಸ್ತ್ರ ಕಳಚಿ, ಮೈ ತೊಳೆದು, ಬೇರೆ ಬೀದಿಗೆ ಹೋದರೆ ಅವನು ಯಾರೆಂದು ಯಾರೂ ಕೇಳುವುದಿಲ್ಲ. ಅವನ ಮಗ ಪೊರಕೆ ಹಿಡಿಯಲೇಬೇಕೆಂದು ಯಾವ ಶಾಸ್ತ್ರವೂ ಬರೆದಿಲ್ಲ. ನಮ್ಮಲ್ಲಿ ಹುಟ್ಟಿದ ಕೇರಿಯ ಹೆಸರೇ ಬೈಗುಳ. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಮನುಷ್ಯರನ್ನೇ ಮೇಲೆ ಕೆಳಗೆ ಎಂದು ಹಂಚಿಡುತ್ತದೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟ ಮೇಲೂ ನಾವು ಎರಡನ್ನೂ ಒಂದೇ ಅಂದರೆ ಅದು ಓದಿದವರ ಸೋಮಾರಿತನ. ಅಂದಹಾಗೆ ಯುಕೆಲಿಸ್ ಕೈ ಕುಲುಕುತ್ತ ಸುತ್ತಿದ ಊರಿಗೇ 1913ರಲ್ಲಿ ಇಪ್ಪತ್ತೆರಡು ವರ್ಷದ ಅಂಬೇಡ್ಕರ್ ಓದಲು ಹೋಗಿದ್ದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಮೂರು ವರ್ಷ ಅವರು ಎಲ್ಲರ ಜೊತೆ ಕೂತರು, ಉಂಡರು. ಮುಟ್ಟಿಸಿಕೊಳ್ಳದೆ ಇರುವುದು ಲೋಕದ ನಿಯಮವಲ್ಲ ಎಂಬುದಕ್ಕೆ ಆ ಊರು ಅವರಿಗೆ ಸಾಕ್ಷಿಯಾಗಿತ್ತು.

ಈಗ ತಕರಾರಿನ ಮಾತು. 1968ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕಸದ ಕೆಲಸಗಾರರು ಒಂಬತ್ತು ದಿನ ಮುಷ್ಕರ ಹೂಡಿದ್ದರು. ನಗರದ ಬೀದಿಗಳಲ್ಲಿ ಕಸ ಬೆಟ್ಟವಾಯಿತು. ಅದೇ ತಿಂಗಳು ದಕ್ಷಿಣದ ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕರಿಯ ಕೆಲಸಗಾರರು ಜಜ್ಜಿ ಸತ್ತರು. ಸುಮಾರು 1,300 ಮಂದಿ ಕರಿಯ ಕೆಲಸಗಾರರು ಕೆಲಸ ನಿಲ್ಲಿಸಿ, ನಾನೂ ಮನುಷ್ಯ ಎಂಬ ಫಲಕವನ್ನು ಎದೆಗೆ ಹಿಡಿದು ಬೀದಿಯಲ್ಲಿ ನಡೆದರು. ಅವರ ಬೆಂಬಲಕ್ಕೆ ಹೋದ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಏಪ್ರಿಲ್ 4ರಂದು ಅಲ್ಲೇ ಗುಂಡಿಟ್ಟು ಕೊಂದರು. ಮೆಂಫಿಸ್‌ನವರು ಕೇಳಿದ್ದು ಕೂಲಿ, ಸಂಘದ ಮಾನ್ಯತೆ, ಸಾಯದೆ ಇರುವ ಹಕ್ಕು. ಕೃತಜ್ಞತೆಯನ್ನು ಯಾರೂ ಕೇಳಿರಲಿಲ್ಲ.

ಹನ್ನೊಂದು ವರ್ಷದ ಮೇಲೆ ನ್ಯೂಯಾರ್ಕಿನಲ್ಲಿ ಯುಕೆಲಿಸ್ ಕುಲುಕಿದ ಕೈ, ಒಂಬತ್ತು ದಿನ ನಗರವನ್ನೇ ನಿಲ್ಲಿಸಿ ತೋರಿಸಿದ್ದ ಕೈ. ಆ ಕೈಯ ಹಿಂದೆ ಬಲವಾದ ಒಂದು ಸಂಘ ಇತ್ತು, ಗೊತ್ತಾದ ಸಂಬಳ ಇತ್ತು, ಪಿಂಚಣಿ ಇತ್ತು. ಅಂಥ ಕೈಗೆ ಕೃತಜ್ಞತೆ ಹೇಳಿದರೆ ಅದು ಮರ್ಯಾದೆಯಾಗುತ್ತದೆ. ಏನೂ ಇಲ್ಲದ ಕೈಗೆ ಅದನ್ನೇ ಹೇಳಿದರೆ? 2019ರ ಫೆಬ್ರವರಿ 24ರಂದು ಪ್ರಯಾಗರಾಜದ ಕುಂಭಮೇಳದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಐವರು ಸಫಾಯಿ ಕೆಲಸಗಾರರ ಪಾದ ತೊಳೆದರು. ದೇಶವೆಲ್ಲ ಟೀವಿಯಲ್ಲಿ ನೋಡಿತು. ನೀರು, ತಟ್ಟೆ, ಒರೆಸುವ ಬಟ್ಟೆ, ಮುಟ್ಟುವಿಕೆ, ಕೃತಜ್ಞತೆ, ಯುಕೆಲಿಸ್ ಬಳಸಿದ ಸಾಮಗ್ರಿಗಳೆಲ್ಲ ಅಲ್ಲೂ ಇದ್ದವು. ಮಲ ಬಳಿಯುವ ಕೆಲಸವನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದ ದೇಶ ಇದು. ಪಾದ ತೊಳೆದ ಮೇಲೂ ಮ್ಯಾನ್‌ಹೋಲಿಗೆ ಇಳಿದವರು ಉಸಿರುಕಟ್ಟಿ ಸಾಯುತ್ತಲೇ ಬಂದಿದ್ದಾರೆ. ನಮ್ಮ ಕೋಲಾರದ ಚಿನ್ನದ ಗಣಿಯ ಕೇರಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಂಗಾತಿಗಳು ದಶಕಗಳಿಂದ ಹೇಳುತ್ತಿರುವುದು ಒಂದೇ ಮಾತು: ನಮ್ಮನ್ನು ಹೊಗಳಬೇಡಿ, ಕೊಲ್ಲುವುದನ್ನು ನಿಲ್ಲಿಸಿ.

ಯುಕೆಲಿಸ್‌ಳನ್ನು ಮಂತ್ರಿಗಳ ಸಾಲಿನಲ್ಲಿ ನಿಲ್ಲಿಸುತ್ತಿಲ್ಲ. ಹನ್ನೊಂದು ತಿಂಗಳ ನಡಿಗೆಗೂ ಹತ್ತು ನಿಮಿಷದ ಟೀವಿಗೂ ಹೋಲಿಕೆ ಇಲ್ಲ. ನಮ್ಮ ದೂರು ಬೇರೆ. ಗಾಜಿನ ಪೆಟ್ಟಿಗೆಯ ಕೃತಿ ಅಧಿಕಾರದ ಕೀಲು ಎಲ್ಲಿದೆ ಎಂದು ತೋರಿಸಿತು. ಮೊಹರು ಒತ್ತುವವನು ಯಾರು, ಮುಟ್ಟಬಾರದವನು ಯಾರು ಎಂದು ಕೇಳಿತು. ಕೈ ಕುಲುಕಿದ ಕೃತಿ ಎದೆಯನ್ನು ಮುಟ್ಟಿತು, ಕೀಲನ್ನು ಮುಟ್ಟಲಿಲ್ಲ. ಆದ್ದರಿಂದಲೇ ಎರಡನೆಯದನ್ನು ನಗರದ ದೊಡ್ಡವರೆಲ್ಲ ಮೆಚ್ಚಿಕೊಂಡರು. 1983ರಲ್ಲಿ ಆಕೆ ಒಂದು ಕಸದ ಲಾರಿಗೆ ಸುತ್ತ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಕಳಿಸಿದಾಗಲೂ ಹೀಗೇ ಆಯಿತು. ಕಸ ಯಾರದು ಎಂದು ಜನ ತಮ್ಮ ಮುಖವನ್ನೇ ನೋಡಿಕೊಳ್ಳಲಿ ಎಂಬುದು ಉದ್ದೇಶ. ಜನ ತಲೆ ಬಾಚಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಹೆಂಗಸರ ವಿಷಯವನ್ನೂ ಕೇಳಬೇಕಿದೆ. ಮನೆಯ ಪಾತ್ರೆ, ಮಗುವಿನ ಬಟ್ಟೆಯ ಸಿಟ್ಟಿನಿಂದ ಶುರುವಾದ ಕಲೆ ಕೊನೆಗೆ ತಲುಪಿದ್ದು 8,500 ಗಂಡಸರ ಇಲಾಖೆಗೆ. ನ್ಯೂಯಾರ್ಕ್ ನೈರ್ಮಲ್ಯ ಇಲಾಖೆ ಕಸ ಎತ್ತುವ ಕೆಲಸಕ್ಕೆ ಮೊದಲ ಹೆಂಗಸರನ್ನು ತೆಗೆದುಕೊಂಡದ್ದು 1986ರಲ್ಲಿ. ಆ ಗಂಡಸರ ನಾರುವ ಸಮವಸ್ತ್ರವನ್ನು ಮನೆಯಲ್ಲಿ ಒಗೆದವರ ಕೈಯನ್ನು ಯಾರು ಕುಲುಕಿದರು? ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಬೀದಿ ಗುಡಿಸಿ ಮನೆಗೆ ಬಂದು ಮತ್ತೆ ಮನೆ ಗುಡಿಸುವವರು. ಯುಕೆಲಿಸ್ ಬರೆದ ಪ್ರಣಾಳಿಕೆಯ ಎರಡೂ ಅಧ್ಯಾಯಗಳನ್ನು ಒಂದೇ ಮೈಯಲ್ಲಿ ಹೊತ್ತವರು.

ಕೊನೆಗೆ ನಮ್ಮವರ ಬಗ್ಗೆ, ಅಂದರೆ ಪದ್ಯ ಬರೆಯುವ ನಮ್ಮ ಬಗ್ಗೆಯೇ ಒಂದು ಮಾತು. ನೀರು ಆರಿಹೋಗುತ್ತದೆ, ಗುರುತು ಉಳಿಯುವುದಿಲ್ಲ, ಅದೇ ಈ ಕಲೆಯ ಸೊಗಸು ಎಂದು ಪಟ್ಟಣದ ವಿಮರ್ಶಕರು ಬರೆಯುತ್ತಾರೆ. ಸರಿ, ಆದರೆ ಯುಕೆಲಿಸ್ ತೊಳೆದದ್ದಕ್ಕೆ ಫೋಟೋ ಇದೆ. 2016ರಲ್ಲಿ ಕ್ವೀನ್ಸ್ ಮ್ಯೂಸಿಯಮ್ಮಿನಲ್ಲಿ ಆಕೆಯ ಜೀವಮಾನದ ಕೆಲಸದ ಪ್ರದರ್ಶನವೇ ನಡೆಯಿತು. ಹಾರ್ಟ್‌ಫರ್ಡ್‌ನ ಜಾಡಮಾಲಿ ಮಾರನೆಯ ದಿನ, ಅದರ ಮಾರನೆಯ ದಿನ ಒರೆಸಿದ್ದಕ್ಕೆ ಫೋಟೋ ಇಲ್ಲ. ನಿಜವಾಗಿ ಅಳಿಸಿಹೋಗುವುದು ಅವನ ಕೆಲಸ. ನಮ್ಮ ಕಿರಿಯ ಕವಿಗಳು ಅವ್ವನ ಪೊರಕೆಯನ್ನು ಪ್ರತಿಮೆ ಮಾಡಿ, ಅದನ್ನು ವೀಣೆ ಎಂದೋ ಕುಂಚ ಎಂದೋ ಕರೆದು ಪದ್ಯ ಬರೆಯುತ್ತಿದ್ದಾರೆ. ಕವಿಗೋಷ್ಠಿಯಲ್ಲಿ ಮೇಲಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಾರೆ. ಕವಿಗೆ ಶಾಲು ಬೀಳುತ್ತದೆ. ಮಾರನೆಯ ಬೆಳಿಗ್ಗೆ ಐದಕ್ಕೆ ಅವ್ವ ಅದೇ ಪೊರಕೆ ಹಿಡಿದು ಹೊರಡುತ್ತಾಳೆ. ನವ್ಯರು ತಮ್ಮ ಒಳಗಿನ ನರಳಾಟವನ್ನು ಅಂದಗೊಳಿಸಿದರೆಂದು ಬೈದ ನಾವು, ನಮ್ಮ ಅವ್ವಂದಿರ ಬೆನ್ನುನೋವನ್ನು ಅಂದಗೊಳಿಸಿದರೆ ಏನು ಬದಲಾಯಿತು? ಮೊಹರು ಒತ್ತುವ ಕೆಲಸ ಈಗ ನಮಗೂ ಸಿಕ್ಕಿದೆ. ಒತ್ತಿದ ಮೇಲೆ ಆ ಪದ್ಯವನ್ನು ಅವ್ವ ಮುಟ್ಟಬಲ್ಲಳೇ, ಓದಬಲ್ಲಳೇ, ‘ಇದು ಸುಳ್ಳು ಕಣೋ’ ಅಂತ ಹೇಳಬಲ್ಲಳೇ ಎಂದು ನೋಡಿಕೊಳ್ಳುವುದು ಬೇಡವೇ?

2020ರಲ್ಲಿ ಕೊರೋನಾ ನ್ಯೂಯಾರ್ಕನ್ನು ಕಾಡಿದಾಗ ಎಂಬತ್ತು ದಾಟಿದ ಯುಕೆಲಿಸ್ ತನ್ನ ಹಳೆಯ ಕೃತಜ್ಞತೆಯ ಮಾತನ್ನೇ ಮತ್ತೆ ಬರೆದಳು. ಮ್ಯೂಸಿಯಮ್ಮಿನ ಗೋಡೆಯ ಮೇಲೆ, ಟೈಮ್ಸ್ ಚೌಕದ ಪರದೆಯ ಮೇಲೆ, ನಗರವನ್ನು ನಡೆಸುವ ಎಲ್ಲ ಕೆಲಸಗಾರರಿಗೂ ಅದು ಕಾಣುವಂತೆ ಹಾಕಿಸಿದಳು. ಅದೇ ವರ್ಷ ನಮ್ಮಲ್ಲೂ ತಟ್ಟೆ ಬಡಿದರು, ಕೆಲವು ಬೀದಿಗಳಲ್ಲಿ ಪೌರಕಾರ್ಮಿಕರ ಮೇಲೆ ಹೂ ಹಾಕಿದರು. ಹೂವನ್ನು ಆಮೇಲೆ ಗುಡಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. 2022ರ ಜುಲೈನಲ್ಲಿ ಕರ್ನಾಟಕದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಧರಣಿ ಕೂತರು. ನಮ್ಮನ್ನು ಕಾಯಂ ಮಾಡಿ ಎಂದರು. ಯುಕೆಲಿಸ್ ಅಲ್ಲಿಗೆ ಬಂದು ಒಬ್ಬೊಬ್ಬರಿಗೂ ಕೈ ಚಾಚಿದ್ದರೆ ಆ ಹೆಂಗಸರು ಖಂಡಿತ ಕೈ ಕುಲುಕುತ್ತಿದ್ದರು, ಬೇಡ ಅನ್ನುವಷ್ಟು ಕೆಟ್ಟವರಲ್ಲ. ಕುಲುಕಿ, ‘ಬಾರವ್ವ, ಕೂತ್ಕೋ’ ಅಂತ ಪಕ್ಕದಲ್ಲಿ ಜಾಗ ಮಾಡಿ, ಬೇಡಿಕೆ ಪಟ್ಟಿಯ ಕಾಗದವೊಂದನ್ನು ಅದೇ ಕೈಗೆ ಕೊಡುತ್ತಿದ್ದರು.